ಸರಾಸರಿಯ ಆಚೆಗಿನ ಜನ

ಸಮಾಜ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರದ ಮೊದಲ ಕೆಲಸ, ಕೇಳಬೇಕೆಂದಿರುವ ಪ್ರಶ್ನೆಯನ್ನು ಎಣಿಕೆಗೆ ಸಿಗುವಂತೆ ಕಟ್ಟಿಕೊಳ್ಳುವುದು. ‘ಪ್ರವಾಸೋದ್ಯಮದಿಂದ ಲೋಣಾವಳಾದ ಜನರಿಗೆ ಒಳ್ಳೆಯದಾಗಿದೆಯೇ?’ ಎಂದು ಕೇಳಿದರೆ ಅಭಿಪ್ರಾಯಗಳು ಬೇಕಾದಷ್ಟು ಸಿಗುತ್ತವೆ, ಅಂಕಿಗಳು ಸಿಗುವುದಿಲ್ಲ. ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ, ಭೋರ್ ಘಾಟಿಯ ನೆತ್ತಿಯ ಮೇಲಿರುವ ಈ ಗಿರಿಧಾಮಕ್ಕೆ ಮಳೆಗಾಲದಲ್ಲಿ ಮುಂಬೈ, ಪುಣೆಗಳಿಂದ ಜನ ಮುಗಿಬೀಳುತ್ತಾರೆ. ಚಿಕ್ಕಿ ಅಂಗಡಿ, ಹೋಟೆಲು, ರಿಕ್ಷಾ, ಬಂಗಲೆಗಳ ಕಾವಲು ಎಂದು ಊರಿನ ಬಹಳಷ್ಟು ದುಡಿಮೆ ಈ ಬಂದುಹೋಗುವವರನ್ನೇ ನಂಬಿಕೊಂಡಿದೆ. ಹಾಗಾದರೆ ‘ಒಳ್ಳೆಯದು’ ಎಂದರೆ ಏನು? ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಸಿಗುತ್ತದೆ ಎಂದೇ, ತಿಂಗಳಿಗೆ ಎಷ್ಟು ಗಳಿಕೆ ಎಂದೇ, ಮಕ್ಕಳು ಎಷ್ಟನೇ ತರಗತಿಯವರೆಗೆ ಓದಿದರು ಎಂದೇ? ‘ಲೋಣಾವಳಾದ ಜನ’ ಎಂದರೆ ಯಾರು? ತಲೆಮಾರುಗಳಿಂದ ಇರುವವರೇ, ಕೆಲಸಕ್ಕೆಂದು ಬಂದು ಬಾಡಿಗೆ ಕೋಣೆಯಲ್ಲಿರುವವರೇ, ವಾರಾಂತ್ಯಕ್ಕೆ ಮಾತ್ರ ಬೀಗ ತೆಗೆಯುವ ಬಂಗಲೆಯ ಒಡೆಯರೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳದೆ ಪ್ರಶ್ನಾವಳಿ ಹಿಡಿದು ಹೊರಟವರು ಕೊನೆಗೆ ತಮ್ಮ ಕೋಷ್ಟಕಗಳಿಂದ ಏನು ಹೇಳಬೇಕೆಂದು ತಿಳಿಯದೆ ಕೂರುತ್ತಾರೆ.

ವ್ಯಕ್ತಿಯಿಂದ ವ್ಯಕ್ತಿಗೆ, ಮನೆಯಿಂದ ಮನೆಗೆ ಬದಲಾಗುವ ಗುಣವನ್ನು ಚಲಕ ಎನ್ನುತ್ತಾರೆ. ಚಲಕಗಳೆಲ್ಲ ಒಂದೇ ಜಾತಿಯವಲ್ಲ. ಮನೆಮಾತು ಬರಿಯ ಹೆಸರು. ಮರಾಠಿಗೆ 1, ಕನ್ನಡಕ್ಕೆ 2, ಹಿಂದಿಗೆ 3 ಎಂದು ಗುರುತು ಹಾಕಿಕೊಂಡರೂ ಅವುಗಳ ಸರಾಸರಿಗೆ ಅರ್ಥವಿಲ್ಲ. ‘ತೃಪ್ತಿಯಿದೆ, ಸ್ವಲ್ಪ ಇದೆ, ಇಲ್ಲ’ ಎಂಬ ಉತ್ತರಗಳಿಗೆ ಮೇಲು ಕೆಳಗಿನ ಕ್ರಮವಿದೆ, ಆದರೆ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಅಂತರ ಎಷ್ಟೆಂದು ಗೊತ್ತಿಲ್ಲ. ಕೂಲಿ, ವಯಸ್ಸು, ಜಮೀನಿನ ವಿಸ್ತೀರ್ಣ ನಿಜವಾದ ಅಳತೆಗಳು, ಕೂಡಬಹುದು, ಭಾಗಿಸಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ ಮೇಲೆ ಈ ಭೇದ ಎಲ್ಲ ಪಠ್ಯಪುಸ್ತಕಗಳಿಗೂ ಬಂತು. ಯಾವ ಚಲಕಕ್ಕೆ ಯಾವ ಲೆಕ್ಕ ಸಲ್ಲುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ. ಗಣಕಯಂತ್ರ ಕೇಳಿದ್ದನ್ನೆಲ್ಲ ಲೆಕ್ಕ ಹಾಕಿಕೊಡುತ್ತದೆ. ಸಲ್ಲದ ಲೆಕ್ಕವನ್ನು ತಡೆಯುವುದಿಲ್ಲ.

ಅಂಕಿಗಳನ್ನು ಕಲೆಹಾಕಿ ಒಂದು ಸಮುದಾಯದ ಚಿತ್ರ ಬರೆಯುವ ಕೆಲಸಕ್ಕೆ ಭಾರತದ ಅತ್ಯಂತ ಹಳೆಯ ಮತ್ತು ಒಳ್ಳೆಯ ಮಾದರಿಗಳಲ್ಲೊಂದು ಲೋಣಾವಳಾದಿಂದ ಪುಣೆಗೆ ಹೋಗುವ ದಾರಿಯಲ್ಲೇ ಇದೆ. ಈಗ ಪಿಂಪ್ರಿ-ಚಿಂಚ್‌ವಡ್ ಮಹಾನಗರದೊಳಗೆ ಸೇರಿಹೋಗಿರುವ ಪಿಂಪಳೆ ಸೌದಾಗರ್ ನೂರು ವರ್ಷದ ಹಿಂದೆ ಸಾಧಾರಣ ಹಳ್ಳಿ. ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ರಸಾಯನವಿಜ್ಞಾನಿ ಹೆರಾಲ್ಡ್ ಮ್ಯಾನ್ ತಮ್ಮ ಸಹೋದ್ಯೋಗಿಗಳೊಂದಿಗೆ ಈ ಹಳ್ಳಿಯ ನೆಲ, ನೀರು, ಬೆಳೆ, ಸಾಲ, ಮನೆಖರ್ಚುಗಳನ್ನು ಅಳೆದು 1917ರಲ್ಲಿ ಪ್ರಕಟಿಸಿದ ಪುಸ್ತಕ ‘ಲ್ಯಾಂಡ್ ಅಂಡ್ ಲೇಬರ್ ಇನ್ ಎ ಡೆಕ್ಕನ್ ವಿಲೇಜ್’. ಅದರಲ್ಲಿ ಕಂಡ ಲೆಕ್ಕ ಇಂದಿಗೂ ಎದೆಗೆ ತಾಗುತ್ತದೆ. ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1771ರಲ್ಲಿ 40 ಎಕರೆ, 1818ರಲ್ಲಿ ಹದಿನೇಳೂವರೆ, 1915ರ ಹೊತ್ತಿಗೆ 7. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಅದು ಬರಿಯ ಸರಾಸರಿಯ ಕಥೆಯಾಗುತ್ತಿತ್ತು. ಮ್ಯಾನ್ ತಂಡ ಅಲ್ಲಿಗೆ ನಿಲ್ಲಲಿಲ್ಲ. 156 ಭೂಮಾಲೀಕರ ಜಮೀನು 729 ತುಂಡುಗಳಲ್ಲಿ ಹರಿದುಹಂಚಿಹೋಗಿತ್ತು. ಅವುಗಳಲ್ಲಿ 463 ತುಂಡುಗಳು ಒಂದು ಎಕರೆಗಿಂತ ಚಿಕ್ಕವು, 112 ತುಂಡುಗಳು ಕಾಲು ಎಕರೆಗಿಂತಲೂ ಚಿಕ್ಕವು. ಕುಟುಂಬಗಳ ಆದಾಯ ಖರ್ಚುಗಳನ್ನು ತೂಗಿ ನೋಡಿದಾಗ 103ರಲ್ಲಿ ಜಮೀನನ್ನೇ ನಂಬಿ ನಿಲ್ಲಬಲ್ಲವು 8 ಮಾತ್ರ. 28 ಕುಟುಂಬಗಳು ಹೊರಗಿನ ದುಡಿಮೆ ಸೇರಿಸಿಕೊಂಡು ಹೇಗೋ ಸರಿದೂಗಿಸಿಕೊಳ್ಳುತ್ತಿದ್ದವು. ಉಳಿದ 67ಕ್ಕೆ, ಎಂದರೆ ಶೇ. 65ಕ್ಕೆ, ಎರಡನ್ನೂ ಕೂಡಿಸಿದರೂ ಸಾಲುತ್ತಿರಲಿಲ್ಲ.

ಇಲ್ಲಿ ಬಳಕೆಯಾಗಿರುವುದು ಪ್ರೌಢಶಾಲೆಯ ಗಣಿತ: ಎಣಿಕೆ, ವರ್ಗೀಕರಣ, ಶೇಕಡಾವಾರು, ಸರಾಸರಿ. ವಿವರಣಾತ್ಮಕ ಸಂಖ್ಯಾಶಾಸ್ತ್ರವೆಂದು ಪಠ್ಯಗಳು ಕರೆಯುವ ಭಾಗ ಇಷ್ಟೇ. ಹೊಸಬರು ಇದನ್ನು ಅವಸರದಲ್ಲಿ ದಾಟಿ ದೊಡ್ಡ ಹೆಸರಿನ ಪರೀಕ್ಷೆಗಳತ್ತ ಧಾವಿಸುವುದುಂಟು. ಅದು ನಷ್ಟ. ಒಳ್ಳೆಯ ಆವೃತ್ತಿ ಕೋಷ್ಟಕವೊಂದು ಹೇಳುವಷ್ಟನ್ನು ಅನೇಕ ಸಲ ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಸರಾಸರಿ ಎಲ್ಲಿ ದಾರಿತಪ್ಪಿಸುತ್ತದೆ ಎಂಬುದಕ್ಕೆ ಲೋಣಾವಳಾದಂಥ ಊರು ಸಹಜ ಉದಾಹರಣೆ. ಒಂದು ಬೀದಿಯಲ್ಲಿ ಹತ್ತು ಮನೆಗಳಿವೆ ಎಂದು ಕಲ್ಪಿಸಿಕೊಳ್ಳಬಹುದು. ಒಂಬತ್ತು ಮನೆಗಳ ತಿಂಗಳ ಆದಾಯ ತಲಾ ರೂ. 15,000, ಹತ್ತನೆಯದು ಮುಂಬೈ ಉದ್ಯಮಿಯ ಬಂಗಲೆ, ಆದಾಯ ರೂ. 5 ಲಕ್ಷ. ಬೀದಿಯ ಸರಾಸರಿ ಆದಾಯ ರೂ. 63,500. ಆ ಬೀದಿಯಲ್ಲಿ ಅದರ ಆಸುಪಾಸಿನಲ್ಲಿ ಗಳಿಸುವ ಮನೆ ಒಂದೂ ಇಲ್ಲ. ಆದಾಯಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನದನ್ನು ಆರಿಸಿದರೆ ಸಿಗುವ ಮಧ್ಯಾಂಕ ರೂ. 15,000. ಆದಾಯ, ಆಸ್ತಿ, ಸಾಲಗಳಂಥ ಒಂದೆಡೆಗೆ ವಾಲಿದ ಅಂಕಿಗಳಿಗೆ ಮಧ್ಯಾಂಕವೇ ನ್ಯಾಯವಾದದ್ದು. ಎರಡನ್ನೂ ಅಕ್ಕಪಕ್ಕ ಕೊಡುವುದು ಇನ್ನೂ ಒಳ್ಳೆಯದು. ಅವುಗಳ ನಡುವಿನ ಅಂತರವೇ ಅಸಮಾನತೆಯ ಮೊದಲ ಸುಳಿವು.

ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಎಂದು ಅಳೆಯುವುದು ಮಾನಕ ವಿಚಲನೆ. ಪ್ರತಿ ಅಂಕಿಯೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳ ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿದರೆ ಅದು ಬರುತ್ತದೆ. ಪರೀಕ್ಷೆಗೆ ಓದುವವರು ಈ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಇದೇ ಚದುರುವಿಕೆಯ ಪ್ರಶ್ನೆಯ ಮೇಲೆ, ದೇಶದ ಬಡವರನ್ನು ಎಣಿಸುವುದು ಹೇಗೆಂಬ ದೊಡ್ಡ ವಾಗ್ವಾದವೊಂದು ನಡೆದಿತ್ತು. ಅದರ ಇಬ್ಬರು ಮುಖ್ಯ ವಾದಿಗಳೂ ಪುಣೆಯಲ್ಲಿ ನೆಲೆಸಿದವರು.

ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್ ಆಫ್ ಪಾಲಿಟಿಕ್ಸ್ ಅಂಡ್ ಎಕನಾಮಿಕ್ಸ್ 1930ರಲ್ಲಿ ಧನಂಜಯ ರಾಮಚಂದ್ರ ಗಾಡ್ಗೀಳರ ನೇತೃತ್ವದಲ್ಲಿ ಆರಂಭವಾಯಿತು. ಪುಣೆ ನಗರದ ಸಾಮಾಜಿಕ-ಆರ್ಥಿಕ ಸಮೀಕ್ಷೆಯನ್ನು ಎರಡು ಸಂಪುಟಗಳಲ್ಲಿ ಹೊರತಂದ ಸಂಸ್ಥೆ ಇದು. ಅಲ್ಲಿನ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ‘ಪಾವರ್ಟಿ ಇನ್ ಇಂಡಿಯಾ’ ಪ್ರಕಟಿಸಿದರು. ಒಬ್ಬರಿಗೆ ದಿನಕ್ಕೆ 2,250 ಕ್ಯಾಲೊರಿ ಆಹಾರ ಬೇಕೆಂದಿಟ್ಟುಕೊಂಡು, ಯಾವ ಖರ್ಚಿನ ಮಟ್ಟದಲ್ಲಿ ಜನರಿಗೆ ಅಷ್ಟು ದಕ್ಕುತ್ತದೆ ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳಿಂದ ಅವರು ಕಂಡುಕೊಂಡರು. 1960-61ರ ಬೆಲೆಗಳಲ್ಲಿ ಅದು ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ ರೂ. 15, ಪಟ್ಟಣದಲ್ಲಿ ರೂ. 22.50. ಆ ಗೆರೆಯ ಕೆಳಗೆ ಹಳ್ಳಿಗರಲ್ಲಿ ಸುಮಾರು ಶೇ. 40, ಪಟ್ಟಣಿಗರಲ್ಲಿ ಸುಮಾರು ಶೇ. 50 ಮಂದಿ ಇದ್ದರು.

ಇದಕ್ಕೆ ತಕರಾರು ಎತ್ತಿದವರು ಪಾಂಡುರಂಗ ಸುಖಾತ್ಮೆ. ಸಾತಾರಾ ಜಿಲ್ಲೆಯ ಬುಧ್ ಎಂಬಲ್ಲಿ 1911ರಲ್ಲಿ ಹುಟ್ಟಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಂಖ್ಯಾಶಾಸ್ತ್ರ ವಿಭಾಗವನ್ನು ರೋಮ್‌ನಲ್ಲಿ ನಡೆಸಿ, ನಿವೃತ್ತಿಯ ಬಳಿಕ ಪುಣೆಯಲ್ಲಿ ನೆಲೆಸಿದ ವಿಜ್ಞಾನಿ. ಅವರ ವಾದ ಸರಳ, ಆಳವಾದದ್ದು. ಹೇಳುವ ಕ್ಯಾಲೊರಿ ಅಗತ್ಯ ಒಂದು ಸರಾಸರಿ. ಆರೋಗ್ಯವಂತರಲ್ಲಿಯೇ ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕು, ಕೆಲವರಿಗೆ ಕಡಿಮೆ ಸಾಕು; ಒಬ್ಬನೇ ಮನುಷ್ಯನ ಊಟವೂ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಸರಾಸರಿಗಿಂತ ಕೆಳಗಿರುವವರನ್ನೆಲ್ಲ ಹಸಿದವರೆಂದು ಎಣಿಸಿದರೆ, ಉಂಡು ಗಟ್ಟಿಯಾಗಿರುವವರೂ ಆ ಪಟ್ಟಿಗೆ ಸೇರುತ್ತಾರೆ. ಗೆರೆಯನ್ನು ಸರಾಸರಿಯಲ್ಲಿ ಎಳೆಯದೆ, ಅದರಿಂದ ಎರಡು ಮಾನಕ ವಿಚಲನೆಗಳಷ್ಟು ಕೆಳಗೆ ಎಳೆಯಬೇಕೆಂದರು. ಇದರ ಪರಿಣಾಮ ಎಷ್ಟೆಂದು ಒಂದು ಕಲ್ಪಿತ ಲೆಕ್ಕದಿಂದ ತಿಳಿಯುತ್ತದೆ: ಸರಾಸರಿ 2,300, ಮಾನಕ ವಿಚಲನೆ 350 ಎಂದಾದರೆ ಗೆರೆ 2,300ರಿಂದ ಒಮ್ಮೆಲೇ 1,600ಕ್ಕೆ ಇಳಿಯುತ್ತದೆ. ಹಸಿದವರ ಸಂಖ್ಯೆಯೂ ಅದರೊಂದಿಗೆ ಕುಸಿಯುತ್ತದೆ.

ದಾಂಡೇಕರ್ ಇದನ್ನು ಒಪ್ಪಲಿಲ್ಲ. ಬಡತನದ ಗೆರೆಯನ್ನು ಒಬ್ಬೊಬ್ಬ ವ್ಯಕ್ತಿಯ ಹೊಟ್ಟೆ ಅಳೆಯಲು ಎಳೆದದ್ದಲ್ಲ. ಸಾವಿರಾರು ಜನರ ಒಂದು ಗುಂಪನ್ನು ತೆಗೆದುಕೊಂಡರೆ ವ್ಯಕ್ತಿಗಳ ನಡುವಿನ ಏರಿಳಿತಗಳು ಒಂದನ್ನೊಂದು ಸರಿದೂಗಿಸುತ್ತವೆ. ಆ ಮೇಲೂ ಗುಂಪಿನ ಸರಾಸರಿ ಅಗತ್ಯಕ್ಕಿಂತ ಕೆಳಗಿದ್ದರೆ ಅದನ್ನು ಸಹಜ ಏರಿಳಿತವೆಂದು ತಳ್ಳಿಹಾಕಲಾಗದು ಎಂಬುದು ಅವರ ವಾದದ ತಿರುಳು. ವಾದ ವರ್ಷಗಟ್ಟಲೆ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಪುಟಗಳಲ್ಲಿ ಮುಂದುವರಿಯಿತು. ಕಲಿಯುವವರಿಗೆ ಇಲ್ಲಿರುವ ಪಾಠ ಬೆಲೆಯುಳ್ಳದ್ದು. ಇಬ್ಬರ ಗಣಿತವೂ ಸರಿ. ಭಿನ್ನಾಭಿಪ್ರಾಯ ಇದ್ದದ್ದು ಚದುರುವಿಕೆ ಯಾವುದರ ಚದುರುವಿಕೆ ಎಂಬಲ್ಲಿ: ವ್ಯಕ್ತಿಗಳ ಅಗತ್ಯದ್ದೋ, ಬಡತನದಿಂದ ಬಂದ ಕೊರತೆಯದ್ದೋ. ಮಾನಕ ವಿಚಲನೆಯನ್ನು ಈ ಚರ್ಚೆಯ ಮೂಲಕ ಕಲಿತವರಿಗೆ ಸೂತ್ರ ಮರೆತರೂ ಅರ್ಥ ಮರೆಯುವುದಿಲ್ಲ.

ಮುಂದಿನದು ಮಾದರಿ ಆಯ್ಕೆ. 2011ರ ಜನಗಣತಿಯ ಪ್ರಕಾರ ಲೋಣಾವಳಾ ಪಟ್ಟಣದ ಜನಸಂಖ್ಯೆ 57 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲ ಮನೆಗಳಿಗೂ ಹೋಗಲು ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಸಮಯವೂ ಇಲ್ಲ, ಹಣವೂ ಇಲ್ಲ, ಹೋಗಬೇಕಾದ್ದೂ ಇಲ್ಲ. ಪ್ರತಿಯೊಂದು ಮನೆಗೂ ಆಯ್ಕೆಯಾಗುವ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿದ ಹಾಗೆ ಆರಿಸುವುದು ಸರಳ ಯಾದೃಚ್ಛಿಕ ಮಾದರಿ. ಹಾಗೆ ಆರಿಸಿದ 400 ಮನೆಗಳಲ್ಲಿ ಶೇ. 50ರಷ್ಟು ಪ್ರವಾಸಿಗರನ್ನು ನಂಬಿ ಬದುಕುತ್ತಿವೆ ಎಂದು ಕಂಡರೆ, ಇಡೀ ಪಟ್ಟಣದ ನಿಜವಾದ ಪ್ರಮಾಣ ಶೇ. 45 ಮತ್ತು 55ರ ನಡುವೆ ಇದೆಯೆಂದು ಶೇ. 95ರ ವಿಶ್ವಾಸದಿಂದ ಹೇಳಬಹುದು. ಹೊಸಬರಿಗೆ ಬೆರಗಾಗುವ ಸಂಗತಿಯೆಂದರೆ, ಪುಣೆಯಂಥ ಮಹಾನಗರಕ್ಕೂ ಇದೇ 400 ಇದೇ ನಿಖರತೆಯನ್ನು ಕೊಡುತ್ತದೆ. ನಿಖರತೆ ನಿರ್ಧಾರವಾಗುವುದು ಬಹುಪಾಲು ಮಾದರಿಯ ಗಾತ್ರದಿಂದ. ಊರಿನ ಗಾತ್ರಕ್ಕೆ ಅದರಲ್ಲಿ ಪಾತ್ರ ತೀರಾ ಕಡಿಮೆ. ದೋಷವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಮಾದರಿಯನ್ನು ನಾಲ್ಕು ಪಟ್ಟು, ಎಂದರೆ 1,600ಕ್ಕೆ ಏರಿಸಬೇಕು. ಒಂದು ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೂ ಒಂದು ಮೇರೆಯಿದೆಯೆಂದು 1945ರಲ್ಲಿ ತೋರಿಸಿಕೊಟ್ಟವರು ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್, ಕ್ರಾಮೇರ್-ರಾವ್ ಮೇರೆ ಎಂದು ಪ್ರಪಂಚವೆಲ್ಲ ಅದನ್ನು ಓದುತ್ತದೆ.

ಲೋಣಾವಳಾದಲ್ಲಿ ನಿಜವಾದ ತೊಡಕು ಬರುವುದು ಪಟ್ಟಿಯಲ್ಲಿ. ಯಾದೃಚ್ಛಿಕವಾಗಿ ಆರಿಸಲು ಎಲ್ಲ ಮನೆಗಳ ಪಟ್ಟಿ ಬೇಕು. ಪಟ್ಟಿಯಿಂದ ಆರಿಸಿಕೊಂಡು ಹೋದರೆ ವಾರಾಂತ್ಯದ ಬಂಗಲೆಗಳ ಬಾಗಿಲಿಗೆ ಬೀಗ. ಇನ್ನೊಂದೆಡೆ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಹೋಟೆಲಿನ ಹಿಂದಿನ ಕೋಣೆಗಳಲ್ಲಿ ಇರುವವರ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದು ಕಷ್ಟ. ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಯವರನ್ನು ಕೇಳಿಬಿಡುವ ರೂಢಿ ಸಮೀಕ್ಷೆಗಾರರಲ್ಲಿದೆ. ಹಾಗೆ ಮಾಡಿದಾಗ ಮಾದರಿ ಸದಾ ಮನೆಯಲ್ಲಿ ಸಿಗುವವರ ಕಡೆಗೆ ವಾಲುತ್ತದೆ. 400ರ ಬದಲು 4,000 ಮನೆಗೆ ಹೋದರೂ ಈ ವಾಲುವಿಕೆ ಹೋಗುವುದಿಲ್ಲ. ಕಾಲದ ಪ್ರಶ್ನೆಯೂ ಇದೆ. 2011ರ ಎಣಿಕೆ ನಡೆದದ್ದು ಫೆಬ್ರುವರಿಯಲ್ಲಿ. ಜುಲೈ ತಿಂಗಳ ಭಾನುವಾರ ಭೂಶಿ ಅಣೆಕಟ್ಟಿನ ಬಳಿ ನಿಂತು ಪ್ರವಾಸಿಗರನ್ನು ಮಾತನಾಡಿಸಿದವರಿಗೂ, ಏಪ್ರಿಲ್‌ನ ಬುಧವಾರ ಪೇಟೆಯಲ್ಲಿ ಮಾತನಾಡಿಸಿದವರಿಗೂ ಸಿಗುವ ಲೋಣಾವಳಾ ಬೇರೆ ಬೇರೆ. ಋತುಗಳನ್ನೂ ವಾರದ ದಿನಗಳನ್ನೂ ಸ್ತರಗಳಾಗಿ ವಿಂಗಡಿಸಿಕೊಂಡು ಪ್ರತಿಯೊಂದರಿಂದಲೂ ಆರಿಸುವ ಸ್ತರೀಕೃತ ಮಾದರಿ ಇಂಥಲ್ಲಿ ನೆರವಿಗೆ ಬರುತ್ತದೆ.

ಆರಿಸಿದವರ ಬಾಯಿಂದ ಬರುವ ಉತ್ತರವೂ ಪರಿಶೀಲನೆಗೆ ಒಳಪಡಬೇಕು. ಭಾರತದ ಜನಗಣತಿಗಳಲ್ಲಿ ವಯಸ್ಸಿನ ಅಂಕಿಗಳನ್ನು ಚಿತ್ರಿಸಿದರೆ 30, 35, 40, 45ರಲ್ಲಿ ಎತ್ತರದ ಕಂಬಗಳು ಎದ್ದು ನಿಲ್ಲುತ್ತವೆ, ಅಕ್ಕಪಕ್ಕದ ವಯಸ್ಸುಗಳಲ್ಲಿ ತಗ್ಗು. ಹುಟ್ಟಿದ ದಿನ ಬರೆದಿಡದ ಮನೆಗಳಲ್ಲಿ ವಯಸ್ಸನ್ನು ಅಂದಾಜಿನ ಮೇಲೆ ಹೇಳುತ್ತಾರೆ. ವಯಸ್ಸಿಗಿಂತಲೂ ಕೇಳಲು ಕಷ್ಟವಾದ ಪ್ರಶ್ನೆಗಳಿವೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1950ರ ದಶಕದ ಆರಂಭದಲ್ಲಿ ಬೆಂಗಳೂರು ಮತ್ತು ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಕ್ಷೇತ್ರ ಸಮೀಕ್ಷೆ ನಡೆಸಿ, 1961ರಲ್ಲಿ ‘ಮೈಸೂರು ಪಾಪ್ಯುಲೇಷನ್ ಸ್ಟಡಿ’ ಎಂದು ಪ್ರಕಟಿಸಿದವು. ಹೆರಿಗೆ, ಶಿಶುಮರಣ, ಕುಟುಂಬದ ಗಾತ್ರದಂಥ ಮನೆಯೊಳಗಿನ ವಿಷಯಗಳನ್ನು ಹೆಣ್ಣುಮಕ್ಕಳೊಂದಿಗೆ ಮಾತನಾಡಿ ಅಂಕಿಗಳಿಗೆ ಇಳಿಸಿದ ಆರಂಭದ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಇಂಥ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿ ಕೇಳದಿದ್ದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಪುಣೆ ಸುತ್ತಲಿನ ಕಟ್ಟಡ ಕೆಲಸಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕುಟುಂಬಗಳು ಬಹಳವಿವೆ. ಅವರಲ್ಲಿ ಕೆಲವರ ಮನೆಮಾತು ಲಂಬಾಣಿ. ಮರಾಠಿ ಪ್ರಶ್ನಾವಳಿ ಹಿಡಿದು ಹೋದವರಿಗೆ ಮೇಸ್ತ್ರಿ ಕೊಟ್ಟ ಉತ್ತರವೇ ಎಲ್ಲರ ಉತ್ತರವಾಗಿಬಿಡುವ ಅಪಾಯವಿದೆ.

ಇಲ್ಲಿಂದ ಮುಂದೆ ತೀರ್ಮಾನದ ಪರೀಕ್ಷೆಗಳು. ಸಮಾಜ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾಗುವುದು ಕಾರ್ಲ್ ಪಿಯರ್ಸನ್ 1900ರಲ್ಲಿ ರೂಪಿಸಿದ ಕೈ-ವರ್ಗ ಪರೀಕ್ಷೆ. ಅಂಗಡಿ, ಹೋಟೆಲುಗಳ 200 ಕೆಲಸಗಾರರನ್ನು ಮಾತನಾಡಿಸಲಾಯಿತು ಎಂದುಕೊಳ್ಳೋಣ: 100 ಮಂದಿ ಸ್ಥಳೀಯರು, 100 ಮಂದಿ ಹೊರಗಿನಿಂದ ಬಂದವರು. ವರ್ಷಪೂರ್ತಿ ಕೆಲಸವಿರುವವರು ಸ್ಥಳೀಯರಲ್ಲಿ 60, ಹೊರಗಿನವರಲ್ಲಿ 40. ಎರಡು ಗುಂಪುಗಳ ನಡುವೆ ನಿಜವಾಗಿ ವ್ಯತ್ಯಾಸವೇ ಇಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಅದು ನಿಜವಾದರೆ ಎರಡೂ ಕಡೆ 50 ಮಂದಿಗೆ ವರ್ಷಪೂರ್ತಿ ಕೆಲಸ, 50 ಮಂದಿಗೆ ಇಲ್ಲ ಎಂದಿರಬೇಕು. ಕೋಷ್ಟಕದ ನಾಲ್ಕೂ ಮನೆಗಳಲ್ಲಿ ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ 10ರ ಅಂತರ. 10ರ ವರ್ಗ 100; 50ರಿಂದ ಭಾಗಿಸಿದರೆ 2; ನಾಲ್ಕು ಮನೆಗಳಿಂದ 8. ಇಷ್ಟು ಚಿಕ್ಕ ಕೋಷ್ಟಕಕ್ಕೆ, ರೂಢಿಯ 0.05ರ ಮಟ್ಟದಲ್ಲಿ, ಮಿತಿ 3.84. ಅದನ್ನು ದಾಟಿದ್ದರಿಂದ ಇದು ಬರಿಯ ಆಕಸ್ಮಿಕವಿರಲಾರದು ಎಂದು ಭಾವಿಸಲು ಆಧಾರವಿದೆ. ಗುಂಪುಗಳು ನಿಜಕ್ಕೂ ಒಂದೇ ಆಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣಿಸಿಕೊಳ್ಳುವ ಸಂಭವನೀಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ.

ಈ ಸಂಭವನೀಯತೆಯೇ ಪಿ-ಬೆಲೆ. ಅದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. ಶೂನ್ಯ ಪ್ರಾಕ್ಕಲ್ಪನೆ ಸುಳ್ಳಾಗಿರುವ ಸಾಧ್ಯತೆ ಎಷ್ಟು ಎಂದು ಅದು ಹೇಳುವುದಿಲ್ಲ. ವ್ಯತ್ಯಾಸ ದೊಡ್ಡದೋ ಚಿಕ್ಕದೋ ಎಂದೂ ಹೇಳುವುದಿಲ್ಲ. 0.05ರ ಗೆರೆ ರೊನಾಲ್ಡ್ ಫಿಶರ್ ಅವರ 1925ರ ಪುಸ್ತಕದಿಂದ ರೂಢಿಗೆ ಬಂದ ಅನುಕೂಲ ಮಾತ್ರ. ಅದನ್ನೇ ಸತ್ಯದ ಮುದ್ರೆಯೆಂದು ಬಳಸಬಾರದೆಂದು ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಮೇಲಿನ ಉದಾಹರಣೆಯಲ್ಲಿ ಓದುಗರಿಗೆ ಬೇಕಾದ ಸುದ್ದಿ 60 ಮತ್ತು 40ರ ನಡುವಿನ 20ರ ಅಂತರ. ಕಾರಣವನ್ನು ಹುಡುಕಬೇಕಾದ್ದು ಬೇರೆಡೆ: ವಯಸ್ಸು, ಓದು, ಪರಿಚಯ, ಮಾಲೀಕರ ಒಲವು.

ಸಹಸಂಬಂಧದಲ್ಲಿಯೂ ಇದೇ ಎಚ್ಚರ ಬೇಕು. ಎರಡು ಚಲಕಗಳು ಒಟ್ಟಿಗೆ ಏರಿದರೆ ಗುಣಾಂಕ +1ರತ್ತ, ಒಂದು ಏರಿದಂತೆ ಇನ್ನೊಂದು ಇಳಿದರೆ −1ರತ್ತ ಸಾಗುತ್ತದೆ. ಮಳೆ ಹೆಚ್ಚಾದ ವಾರಗಳಲ್ಲಿ ಚಿಕ್ಕಿ ಮಾರಾಟವೂ ಹೆಚ್ಚಾದರೆ, ನಡುವೆ ಇರುವವರು ಮಳೆ ನೋಡಲು ಬಂದ ಜನ. ಇನ್ನೂ ಸೂಕ್ಷ್ಮವಾದ ತಪ್ಪೊಂದನ್ನು ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಬಯಲಿಗೆ ತಂದರು. ಅಮೆರಿಕದ 1930ರ ಗಣತಿಯಲ್ಲಿ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು. ಒಬ್ಬೊಬ್ಬರನ್ನೇ ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ತುಸು ಹೆಚ್ಚು. ವಲಸಿಗರು ಅಕ್ಷರಸ್ಥರು ಹೆಚ್ಚಿರುವ ರಾಜ್ಯಗಳಲ್ಲಿ ನೆಲೆಸಿದ್ದೇ ಇದಕ್ಕೆ ಕಾರಣ. ವಾರ್ಡು, ತಾಲ್ಲೂಕು, ಜಿಲ್ಲೆಗಳ ಅಂಕಿಗಳಿಂದ ಅಲ್ಲಿರುವ ವ್ಯಕ್ತಿಗಳ ಬಗ್ಗೆ ತೀರ್ಮಾನ ಹೇಳುವವರು ಇಂದಿಗೂ ಇದೇ ಹಳ್ಳಕ್ಕೆ ಬೀಳುತ್ತಾರೆ.

ಲೆಕ್ಕ ಮಾಡುವ ಸಾಧನಗಳ ಕೊರತೆ ಈಗಿಲ್ಲ. ಸಮಾಜ ವಿಜ್ಞಾನಿಗಳಿಗೆಂದೇ 1968ರಲ್ಲಿ ಹುಟ್ಟಿದ ಎಸ್‌ಪಿಎಸ್‌ಎಸ್ ದುಬಾರಿ; ‘ಆರ್’, ‘ಜಮೋವಿ’, ‘ಪಿಎಸ್‌ಪಿಪಿ’ ಉಚಿತ. ಮೊದಲ ತಿಂಗಳು ಎಕ್ಸೆಲ್ ಹಾಳೆಯೇ ಸಾಕು. 1969ರಲ್ಲಿ ಸ್ಥಾಪನೆಯಾದ, ಗಾಡ್ಗೀಳರೇ ಮೊದಲ ಅಧ್ಯಕ್ಷರಾಗಿದ್ದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಸಂಶೋಧನಾರ್ಥಿಗಳಿಗಾಗಿ ಸಂಶೋಧನಾ ವಿಧಾನದ ಶಿಬಿರಗಳಿಗೆ ನೆರವು ನೀಡುತ್ತದೆ. ಪುಣೆಯಲ್ಲಿ ಗೋಖಲೆ ಸಂಸ್ಥೆ ಇರುವಂತೆ ಬೆಂಗಳೂರಿನ ನಾಗರಭಾವಿಯಲ್ಲಿ ವಿ. ಕೆ. ಆರ್. ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ.

ಅಭ್ಯಾಸಕ್ಕೆ ನಿಜವಾದ ಅಂಕಿಗಳೂ ಸಿಗುತ್ತವೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ದತ್ತಾಂಶ, 2017ರಿಂದ ನಡೆಯುತ್ತಿರುವ ಉದ್ಯೋಗ ಸಮೀಕ್ಷೆಯ ದತ್ತಾಂಶಗಳನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುತ್ತದೆ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಸುತ್ತಿನಲ್ಲಿ ಸುಮಾರು 6.37 ಲಕ್ಷ ಮನೆಗಳನ್ನು ತಲುಪಿತು. ಅದರಿಂದ ಪುಣೆ ಜಿಲ್ಲೆಯನ್ನೂ ಕಲಬುರಗಿ ಜಿಲ್ಲೆಯನ್ನೂ ಬೇರ್ಪಡಿಸಿ, ಹೆಣ್ಣುಮಕ್ಕಳ ಓದಿನ ವರ್ಷಗಳ ಮಧ್ಯಾಂಕ ಮತ್ತು ಮದುವೆಯ ವಯಸ್ಸಿನ ಕೋಷ್ಟಕವನ್ನು ಎರಡಕ್ಕೂ ಸಿದ್ಧಪಡಿಸಿ, ಯಾವ ಉತ್ತರಕ್ಕೆ ಎಷ್ಟು ಬೆಲೆ ಕೊಟ್ಟು ಎಣಿಸಬೇಕೆಂದು ಸಮೀಕ್ಷೆಯವರೇ ಕೊಟ್ಟಿರುವ ತೂಕಗಳನ್ನು ಹಾಕಿ ಒಮ್ಮೆ, ಹಾಕದೆ ಒಮ್ಮೆ ಹೋಲಿಸಿ ನೋಡುವುದು ಒಂದು ವಾರದ ಒಳ್ಳೆಯ ಅಭ್ಯಾಸ.